ಚಳಿ ಊರಿನಲ್ಲಿ ಬಾಳೆ, ಕೆಸು, ಸುಗಂಧಿ: ಉಷ್ಣವಲಯದ ತೋಟ ಮಾಡುವ ಬಗೆ

"ನಮ್ಮಲ್ಲಿ ಚಳಿಗಾಲದಲ್ಲಿ ಬಕೆಟ್ಟಿನ ನೀರೇ ಗಡ್ಡೆ ಕಟ್ಟುತ್ತದೆ. ಇಂಥ ಕಡೆ ಬಾಳೆ ಬದುಕುತ್ತದಾ?" ತಂಪು ಹವೆಯಲ್ಲಿ ಮನೆ ಮಾಡಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬದುಕುತ್ತದೆ. ಆದರೆ ಅದು ಯಾವ ಜಾತಿಯ ಬಾಳೆ, ಅದನ್ನು ಎಲ್ಲಿ ನೆಟ್ಟಿದ್ದೀರಿ, ಚಳಿಗಾಲದಲ್ಲಿ ಅದರ ಬುಡದಲ್ಲಿ ನೀರು ನಿಲ್ಲುತ್ತದಾ ಎಂಬ ಮೂರು ವಿಷಯಗಳು ಮುಖ್ಯ. ಒಂದೊಂದಾಗಿ ನೋಡೋಣ.

ಮೊದಲೇ ಒಂದು ಮಾತು. ನಾವು ತರಲು ಹೊರಟಿರುವುದು ಉಷ್ಣವಲಯದ ನೋಟವನ್ನು. ಅಲ್ಲಿನ ಹವೆಯನ್ನು ಯಾರೂ ತರಲಾರರು. ಆ ನೋಟ ಬರುವುದು ಎಲೆಯಿಂದ. ದೊಡ್ಡ ಎಲೆ, ಒತ್ತಾಗಿ ಬೆಳೆದ ಎಲೆ, ನಡೆಯುವಾಗ ತಲೆಯ ಮೇಲೆ ಬಾಗುವ ಎಲೆ. ಹೂವು ಆಮೇಲಿನ ಮಾತು. ದೊಡ್ಡ ಎಲೆ ಬಿಡುವ, ಆದರೆ ಚಳಿಯನ್ನು ಚೆನ್ನಾಗಿ ತಡೆಯುವ ಗಿಡಗಳು ಬೇಕಾದಷ್ಟಿವೆ. ತೋಟದ ಮುಕ್ಕಾಲು ಪಾಲನ್ನು ಅವುಗಳಿಂದಲೇ ಕಟ್ಟಿ. ಉಳಿದ ಕಾಲು ಪಾಲು ಬೇಸಿಗೆಗೆ ಬಂದು ಹೋಗುವ ನೆಂಟರು. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಮೊದಲ ಬೇಸಿಗೆಯಲ್ಲಿ ನಾಜೂಕಿನ ಗಿಡಗಳನ್ನೇ ತುಂಬುತ್ತಾರೆ, ಮೊದಲ ಚಳಿಗಾಲದಲ್ಲಿ ಎಲ್ಲವೂ ಹೋಗುತ್ತವೆ, ತೋಟದ ಆಸೆಯೂ ಅಲ್ಲಿಗೇ ಮುಗಿಯುತ್ತದೆ.

ಇಲ್ಲಿ ಹೇಳಿರುವುದು ಚಳಿಗಾಲದ ಕೆಟ್ಟ ರಾತ್ರಿಯಲ್ಲಿ ಸೊನ್ನೆಗಿಂತ 5ರಿಂದ 12 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವ ಜಾಗಗಳಿಗೆ. ಇನ್ನೂ ಕೆಳಗೆ ಇಳಿಯುವ ಕಡೆ ಬಾಳೆ, ತಾಳೆಗಳನ್ನು ಕುಂಡದಲ್ಲೇ ಇಟ್ಟುಕೊಂಡು, ಉಳಿದ ಹಂತಗಳನ್ನು ಹೀಗೆಯೇ ಮಾಡಿ.

ಏನೇನು ಬೇಕು?

ಕನಿಷ್ಠ ಮತ್ತು ಗರಿಷ್ಠ ಉಷ್ಣತೆಯನ್ನು ಹಿಡಿದಿಡುವ ಥರ್ಮಾಮೀಟರ್ ಒಂದು. ಗುದ್ದಲಿ. ಚೆನ್ನಾಗಿ ಕೊಳೆತ ಗೊಬ್ಬರ, ಜಾಸ್ತಿಯೇ ಬೇಕು. ದಪ್ಪ ಮರಳು ಅಥವಾ ಸಣ್ಣ ಜಲ್ಲಿ. ಚಳಿಗಾಲಕ್ಕೆ ಒಣಹುಲ್ಲು ಅಥವಾ ತರಗೆಲೆ, ಕೋಳಿ ಜಾಲರಿ, ನಾಲ್ಕಾರು ಗೂಟ. ಮತ್ತೆ ಫ್ಲೀಸ್, ಅಂದರೆ ಗಿಡಕ್ಕೆ ಹೊದಿಸಲೆಂದೇ ಸಿಗುವ, ಗಾಳಿಯಾಡುವ ತೆಳು ಬಿಳಿ ಬಟ್ಟೆ. ಕೊನೆಯದು, ಹೆಪ್ಪುಗಟ್ಟದಷ್ಟು ಬೆಚ್ಚಗಿರುವ ಒಂದು ಮೂಲೆ: ಗ್ಯಾರೇಜ್, ಶೆಡ್, ನೆಲಮಾಳಿಗೆ, ಯಾವುದಾದರೂ ಸರಿ. ಈ ಮೂಲೆ ಎಷ್ಟು ದೊಡ್ಡದೋ ನೀವು ಅಷ್ಟೇ ನಾಜೂಕು ಗಿಡಗಳನ್ನು ಸಾಕಬಹುದು. ಕೊಳ್ಳುವ ಮೊದಲು ಅದನ್ನು ಅಳೆದು ನೋಡಿ.

ಹಂತ 1: ನಿಮ್ಮ ಅಂಗಳದ ಚಳಿ ಅಳೆಯಿರಿ

ಹವಾಮಾನ ವರದಿಯ ಅಂಕಿ ಸಾಲದು. ಒಂದೇ ಅಂಗಳದ ಎರಡು ಮೂಲೆಗಳ ನಡುವೆ ಎರಡು ಮೂರು ಡಿಗ್ರಿ ವ್ಯತ್ಯಾಸ ಇರಬಹುದು. ತಣ್ಣನೆಯ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ, ಗೋಡೆ ಬೇಲಿಗಳ ಹಿಂದೆ ಮಡುಗಟ್ಟುತ್ತದೆ. ಇಂಥ ಜಾಗಕ್ಕೆ ಫ್ರಾಸ್ಟ್ ಪಾಕೆಟ್ ಎನ್ನುತ್ತಾರೆ. ಫ್ರಾಸ್ಟ್ ಎಂದರೆ ನೆಲಮಟ್ಟದಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿದು ಎಲೆ, ಹುಲ್ಲಿನ ಮೇಲೆ ಬಿಳಿ ಮಂಜಿನ ಪುಡಿ ಕೂರುವುದು. ಚಳಿಗಾಲದ ಬೆಳಗ್ಗೆ ಒಮ್ಮೆ ಅಂಗಳ ಸುತ್ತಿ. ಆ ಬಿಳಿ ಎಲ್ಲಿ ಕೊನೆಯವರೆಗೂ ಕರಗದೆ ಉಳಿಯುತ್ತದೋ ಅಲ್ಲಿ ಬಾಳೆ ನೆಡಬೇಡಿ.

ಗಿಡದ ಚೀಟಿಯಲ್ಲಿ ಬರೆದಿರುವ ಚಳಿಯ ಗುರುತನ್ನು ಓದುವುದು ಕಲಿಯಿರಿ. ಎರಡು ಪದ್ಧತಿಗಳು ಜಾಸ್ತಿ ಕಾಣಸಿಗುತ್ತವೆ. ಅಮೆರಿಕದ ಕೃಷಿ ಇಲಾಖೆಯದ್ದು 1ರಿಂದ 13ರವರೆಗಿನ ವಲಯ ಅಥವಾ ಝೋನ್. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯದ್ದು ಎಚ್1ರಿಂದ ಎಚ್7ರವರೆಗಿನ ಗುರುತು. ಇವೆರಡೂ ಒಂದಕ್ಕೊಂದು ಉಲ್ಟಾ. ಅಮೆರಿಕದ ಪದ್ಧತಿಯಲ್ಲಿ ಅಂಕಿ ದೊಡ್ಡದಾದಷ್ಟೂ ಜಾಗ ಬೆಚ್ಚಗೆ. ಬ್ರಿಟನ್ನಿನದರಲ್ಲಿ ಅಂಕಿ ದೊಡ್ಡದಾದಷ್ಟೂ ಗಿಡ ಗಟ್ಟಿ. ಝೋನ್ 8 ಎಂದರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಮೈನಸ್ 12ರಿಂದ ಮೈನಸ್ 7 ಡಿಗ್ರಿಯ ಆಸುಪಾಸು. ಎಚ್4 ಎಂದರೆ ಮೈನಸ್ 10ರಿಂದ ಮೈನಸ್ 5ರವರೆಗೆ ತಡೆಯುವ ಗಿಡ, ಎಚ್3 ಎಂದರೆ ಮೈನಸ್ 5ರವರೆಗೆ ಮಾತ್ರ. ಇದನ್ನು ಅದಲುಬದಲು ಓದಿ ಗಿಡ ಕಳೆದುಕೊಂಡವರು ತುಂಬಾ ಜನ.

ಹಂತ 2: ಗೋಡೆ ಹುಡುಕಿ, ಗಾಳಿ ತಡೆಯಿರಿ

ಹಗಲೆಲ್ಲ ಬಿಸಿಲು ಬೀಳುವ ಗೋಡೆ ಕಾವನ್ನು ಹೀರಿ ರಾತ್ರಿ ನಿಧಾನಕ್ಕೆ ಬಿಡುತ್ತದೆ. ಉತ್ತರ ಗೋಳಾರ್ಧದಲ್ಲಿ ಅದು ದಕ್ಷಿಣಕ್ಕೆ ಮುಖ ಮಾಡಿದ ಗೋಡೆ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ. ನಿಮ್ಮ ಅತ್ಯಂತ ನಾಜೂಕಿನ ಗಿಡಕ್ಕೆ ಆ ಗೋಡೆಯ ಬುಡವನ್ನು ಮೀಸಲಿಡಿ. ಆದರೆ ಅಲ್ಲಿ ಮಳೆ ಸರಿಯಾಗಿ ಬೀಳುವುದಿಲ್ಲ. ಗೋಡೆಗೆ ತೀರಾ ಅಂಟಿಸದೆ ಅರ್ಧ ಮೀಟರಿನಷ್ಟು ಬಿಟ್ಟು ನೆಡಿ, ಬೇಸಿಗೆಯಲ್ಲಿ ನೀರು ಕೊಡುವುದನ್ನು ಮರೆಯಬೇಡಿ.

ಚಳಿಗಿಂತ ಗಾಳಿಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬಾಳೆ ಎಲೆ ಗಾಳಿಗೆ ನರದ ಉದ್ದಕ್ಕೂ ಸೀಳಿಕೊಳ್ಳುತ್ತದೆ. ಗಿಡ ಅದರಿಂದ ಸಾಯುವುದಿಲ್ಲ, ನೋಟ ಮಾತ್ರ ಹೋಗುತ್ತದೆ. ನಾವು ಇಷ್ಟೆಲ್ಲ ಮಾಡುತ್ತಿರುವುದೇ ಆ ಎಲೆಗೋಸ್ಕರ ಅಲ್ವಾ? ಗಾಳಿ ತಡೆಯಲು ಗಟ್ಟಿ ಗೋಡೆಗಿಂತ ಬೇಲಿಗಿಡ ಒಳ್ಳೆಯದು. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಹಿಂಬದಿಯಲ್ಲಿ ಸುಳಿಯಾಗಿ ಬೀಳುತ್ತದೆ. ಅರ್ಧದಷ್ಟು ಗಾಳಿಯನ್ನು ಸೋಸಿ ಬಿಡುವ ಗಿಡದ ಬೇಲಿ ಅದರ ರಭಸವನ್ನೇ ಮುರಿಯುತ್ತದೆ.

ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಲ್ಲಿ, ಹೆಚ್ಚು ಕಡಿಮೆ 58 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಇನ್ವರ್ಯೂ ಎಂಬ ತೋಟವಿದೆ. 1862ರಲ್ಲಿ ಆಸ್ಗುಡ್ ಮೆಕೆಂಝಿ ಅದನ್ನು ಶುರು ಮಾಡಿದಾಗ ಅದು ಬರೀ ಬಂಡೆ, ಉಪ್ಪುಗಾಳಿಯ ಜಾಗ. ಅವರು ಮೊದಲು ಮಾಡಿದ ಕೆಲಸ ಸುತ್ತಲೂ ಪೈನ್ ಮರಗಳ ಗಾಳಿತಡೆ ಬೆಳೆಸಿದ್ದು. ಅದು ಬಲಿಯಲು ವರ್ಷಗಟ್ಟಲೆ ಕಾದರು. ಇವತ್ತು ಅಲ್ಲಿ ಮರಜರಿ, ಅಂದರೆ ಮರದಂತೆ ಎತ್ತರಕ್ಕೆ ಬೆಳೆಯುವ ಜರಿಗಿಡ, ಮತ್ತು ನೀಲಗಿರಿ ಮರಗಳು ಬೆಳೆದು ನಿಂತಿವೆ. ಬೆಚ್ಚನೆಯ ಸಮುದ್ರ ಪ್ರವಾಹದ ನೆರವು ಆ ಕರಾವಳಿಗೆ ಇದೆ, ನಿಜ. ಆದರೂ ಗಾಳಿ ನಿಲ್ಲದೆ ಅಲ್ಲಿ ಏನೂ ನಿಲ್ಲುತ್ತಿರಲಿಲ್ಲ. ನಿಮ್ಮ ಅಂಗಳ ಚಿಕ್ಕದಾದರೆ ಒಂದು ಸಾಲು ಬೇಲಿಗಿಡ ಸಾಕು. ಅದು ಮೊದಲು ಆಗಲಿ.

ಹಂತ 3: ನೀರು ಬಸಿಯುವಂತೆ ಮಾಡಿ

ಈ ಲೇಖನದಲ್ಲಿ ಒಂದೇ ಒಂದು ಹಂತವನ್ನು ನೆನಪಿಡುತ್ತೀರಿ ಎಂದಾದರೆ ಅದು ಇದಾಗಿರಲಿ. ಚಳಿ ಒಂದೇ ಬಂದರೆ ತಡೆಯುವ ಗೆಡ್ಡೆ, ಚಳಿ ಮತ್ತು ಒದ್ದೆ ಒಟ್ಟಿಗೆ ಬಂದರೆ ಕೊಳೆಯುತ್ತದೆ. ಒಣ ಮಣ್ಣಿನಲ್ಲಿ ಮೈನಸ್ 8ರಲ್ಲಿ ಬದುಕಿದ ಗಿಡ, ಜಿಗುಟು ಮಣ್ಣಿನ ಕೆಸರಿನಲ್ಲಿ ಮೈನಸ್ 3ಕ್ಕೇ ಹೋಗಬಹುದು.

ಪರೀಕ್ಷೆ ಸುಲಭ. 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲದ ನೀರು ಕೆಲವೇ ಗಂಟೆಯಲ್ಲಿ ಇಂಗಿದರೆ ಚಿಂತೆಯಿಲ್ಲ. ಮರುದಿನವೂ ನಿಂತಿದ್ದರೆ ಅಲ್ಲಿ ನೆಲಮಟ್ಟದಲ್ಲಿ ನೆಡಬೇಡಿ. 25–30 ಸೆಂಟಿಮೀಟರ್ ಎತ್ತರದ ದಿಬ್ಬದಂಥ ಮಡಿ ಮಾಡಿ, ಅದರ ಮೇಲೆ ನೆಡಿ. ಮಣ್ಣಿಗೆ ಕೊಳೆತ ಗೊಬ್ಬರ ಮತ್ತು ದಪ್ಪ ಮರಳನ್ನು ಇಡೀ ಮಡಿಗೆ ಬೆರೆಸಿ.

ಇಲ್ಲಿ ಎರಡು ತಪ್ಪುಗಳು ಸಾಮಾನ್ಯ. ಗುಂಡಿಯ ತಳಕ್ಕೆ ಮಾತ್ರ ಜಲ್ಲಿ ಸುರಿಯುವುದು ಒಂದು. ಸುತ್ತ ಜಿಗುಟು ಮಣ್ಣಿದ್ದರೆ ಆ ಜಲ್ಲಿಯೇ ನೀರು ತುಂಬುವ ತೊಟ್ಟಿಯಾಗುತ್ತದೆ. ಕಟ್ಟಡಕ್ಕೆ ಬಳಸುವ ನುಣ್ಣನೆ ಮರಳನ್ನು ಜಿಗುಟು ಮಣ್ಣಿಗೆ ಬೆರೆಸುವುದು ಇನ್ನೊಂದು. ಅದು ಮಣ್ಣನ್ನು ಸಡಿಲಿಸುವ ಬದಲು ಇನ್ನಷ್ಟು ಗಟ್ಟಿ ಮಾಡುತ್ತದೆ.

ಹಂತ 4: ತೋಟದ ಬೆನ್ನೆಲುಬು ಆರಿಸಿ

ಇವು ವರ್ಷವಿಡೀ ನೆಲದಲ್ಲೇ ಇರುವ ಗಿಡಗಳು. ಬಿಸಿಲು ನಾಡಿನ ಕಳೆ ಇದ್ದರೂ ಇವುಗಳಲ್ಲಿ ಹೆಚ್ಚಿನವು ಬೆಟ್ಟಗಳಿಂದ, ತಂಪು ಕಾಡುಗಳಿಂದ ಬಂದವು. ಚಳಿ ಇವುಗಳಿಗೆ ಹೊಸದಲ್ಲ.

ಚಳಿ ತಡೆಯುವ ಬಾಳೆ. ಹೆಸರು ಮೂಸಾ ಬಾಸ್ಜೂ. ದಕ್ಷಿಣ ಚೀನಾ ಮೂಲದ್ದು. ಜಪಾನೀ ಬಾಳೆ ಎಂದು ಕರೆದರೂ ಜಪಾನಿನದ್ದಲ್ಲ. ಸೊನ್ನೆ ದಾಟಿದೊಡನೆ ಎಲೆ ಕಪ್ಪಾಗುತ್ತದೆ. ಇನ್ನೂ ನಾಲ್ಕೈದು ಡಿಗ್ರಿ ಕೆಳಗಿಳಿದರೆ ದಿಂಡೂ ಹೋಗುತ್ತದೆ. ಆದರೆ ಮೇಲೆ ದಪ್ಪ ಹೊದಿಕೆ ಇದ್ದರೆ ನೆಲದೊಳಗಿನ ಗೆಡ್ಡೆ ಮೈನಸ್ 10ರ ಆಚೆಗೂ ಉಳಿದು ಮತ್ತೆ ಮರಿ ಎಬ್ಬಿಸುತ್ತದೆ. ಬೇಸಿಗೆಯಲ್ಲಿ ಒಂದೂವರೆ, ಎರಡು ಮೀಟರ್ ಉದ್ದದ ಎಲೆ ಬಿಡುತ್ತದೆ. ಹಣ್ಣಿನ ಆಸೆ ಬೇಡ. ಗೊನೆ ಬಂದರೂ ಬರೀ ಬೀಜ, ತಿನ್ನಲು ಬರುವುದಿಲ್ಲ. ಇದು ಎಲೆಯ ಗಿಡ.

ತಾಳೆ. ಟ್ರಾಕಿಕಾರ್ಪಸ್ ಫಾರ್ಚುನಿ, ಬೀಸಣಿಗೆಯಂಥ ಎಲೆಯ ಚೀನೀ ತಾಳೆ. ಬೇರೂರಿದ ಮರ ಮೈನಸ್ 12–15ರ ಆಸುಪಾಸಿನವರೆಗೂ ತಡೆಯುತ್ತದೆ. ಇದರ ಕಾಂಡಕ್ಕೆ ಕಂದು ನಾರಿನ ಅಂಗಿ ಇರುತ್ತದೆ. ಚೆಂದಕ್ಕೆಂದು ಅದನ್ನು ಸುಲಿಯಬೇಡಿ, ಚಳಿಗೆ ಅದೇ ಕಂಬಳಿ. ನೆಡುವಾಗ ತಾಳೆಯನ್ನು ಕುಂಡದಲ್ಲಿದ್ದಷ್ಟೇ ಆಳಕ್ಕೆ ಇಳಿಸಿ. ಗಾಳಿ ಜಾಸ್ತಿ ಇರುವ ಕಡೆ ಟ್ರಾಕಿಕಾರ್ಪಸ್ ವ್ಯಾಗ್ನೇರಿಯಾನಸ್ ಎಂಬ ಸಣ್ಣ, ಗಡುಸು ಎಲೆಯದ್ದು ವಾಸಿ.

ಬಿದಿರು. ಇಲ್ಲಿ ಎಚ್ಚರ ಬೇಕು. ಬಿದಿರಿನಲ್ಲಿ ಎರಡು ಸ್ವಭಾವ. ಮೆಳೆಯಾಗಿ ಒಂದೇ ಕಡೆ ನಿಲ್ಲುವುದು ಒಂದು, ನೆಲದಡಿ ಗೆಡ್ಡೆ ಓಡಿಸಿ ಎಲ್ಲೆಂದರಲ್ಲಿ ಮೊಳೆಯುವುದು ಇನ್ನೊಂದು. ಫಾರ್ಜೀಸಿಯಾ ಮೊದಲ ಗುಂಪಿನದ್ದು, ಚಳಿಗೂ ತುಂಬಾ ಗಟ್ಟಿ. ಫಿಲೋಸ್ಟಾಕಿಸ್ ಎರಡನೆಯದ್ದು. ಅದರ ಕರಿ ಕಾಂಡ, ಹಳದಿ ಕಾಂಡ ನೋಡಿ ಮನಸ್ಸು ಸೋಲುತ್ತದೆ. ನೆಡಲೇಬೇಕೆಂದರೆ ಸುತ್ತ 60–70 ಸೆಂಟಿಮೀಟರ್ ಆಳಕ್ಕೆ ಬೇರುತಡೆಯ ದಪ್ಪ ಹಾಳೆ ಹೂತು, ಅದರ ಅಂಚು ನೆಲದಿಂದ 5 ಸೆಂಟಿಮೀಟರ್ ಮೇಲೆ ಕಾಣುವಂತೆ ಬಿಡಿ. ಗೆಡ್ಡೆ ಹಾಳೆಯ ಮೇಲೆ ಹತ್ತಿ ದಾಟಲು ನೋಡುತ್ತದೆ. ವರ್ಷಕ್ಕೆರಡು ಸಲ ಸುತ್ತ ನೋಡಿ ಕತ್ತರಿಸಿ. ಇಷ್ಟು ಮಾಡಲಾಗದು ಎಂದರೆ ಫಾರ್ಜೀಸಿಯಾ ನೆಟ್ಟು ಆರಾಮಾಗಿರಿ. ಪಕ್ಕದ ಮನೆಯವರ ಅಂಗಳದಲ್ಲಿ ಮೊಳೆತ ಬಿದಿರು ಸಂಬಂಧ ಕೆಡಿಸುತ್ತದೆ.

ಫ್ಯಾಟ್ಸಿಯಾ ಜಪೋನಿಕಾ. ಅಂಗೈಯಗಲಕ್ಕೂ ದೊಡ್ಡದಾದ, ಬೆರಳು ಬಿಡಿಸಿದಂಥ ಹೊಳೆಯುವ ಹಸಿರೆಲೆ. ನೆರಳಲ್ಲೂ ಬೆಳೆಯುತ್ತದೆ, ವರ್ಷವಿಡೀ ಹಸಿರು. ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಗಿಡ ನನಗೆ ಗೊತ್ತಿಲ್ಲ. ಬಾಳೆ, ಕೆಸು ಎಲ್ಲ ಮಲಗಿದ ತಿಂಗಳುಗಳಲ್ಲಿ ತೋಟವನ್ನು ಹಿಡಿದು ನಿಲ್ಲಿಸುವುದು ಇದು, ತಾಳೆ ಮತ್ತು ಬಿದಿರು.

ಟೆಟ್ರಾಪನಾಕ್ಸ್. ಇದು ಫ್ಯಾಟ್ಸಿಯಾದ ಅಣ್ಣ ಎನ್ನಿ. ಎಲೆ ಅರ್ಧ ಮೀಟರಿಗೂ ಅಗಲ. ಎಳೆ ಎಲೆಯ ಮೇಲಿನ ಧೂಳಿನಂಥ ರೋಮ ಗಂಟಲು, ಕಣ್ಣಿಗೆ ಕೆರೆತ ತರುತ್ತದೆ. ಕತ್ತರಿಸುವಾಗ ಮುಖವಸ್ತ್ರ ಇರಲಿ. ಬೇರಿನಿಂದ ಅಲ್ಲಲ್ಲಿ ಮರಿ ಏಳುತ್ತದೆ, ಚಿಕ್ಕದಿದ್ದಾಗಲೇ ಕೀಳಿ.

ಪಾಲೋನಿಯಾ. ಬಿಟ್ಟರೆ ಮರವಾಗುವ ಗಿಡ. ಬಿಡಬೇಡಿ. ಪ್ರತಿ ವಸಂತದ ಶುರುವಿನಲ್ಲಿ ಬುಡಕ್ಕೆ ಕತ್ತರಿಸಿ, ಏಳುವ ಚಿಗುರಿನಲ್ಲಿ ಒಂದನ್ನು ಮಾತ್ರ ಉಳಿಸಿ. ಬೇರಿನ ಬಲವೆಲ್ಲ ಆ ಒಂದು ಚಿಗುರಿಗೆ ಹೋಗಿ, ಒಂದೇ ಬೇಸಿಗೆಯಲ್ಲಿ ಆಳೆತ್ತರ ಮೀರಿ, ಅರ್ಧ ಮೀಟರ್ ಅಗಲದ ಎಲೆ ಬಿಡುತ್ತದೆ. ಹೀಗೆ ಕತ್ತರಿಸಿದ ಗಿಡ ಹೂವು, ಬೀಜ ಬಿಡುವುದಿಲ್ಲ. ಕೆಲವು ಪ್ರದೇಶಗಳಲ್ಲಿ ಇದರ ಬೀಜ ಹಾರಿ ಕಳೆಯಂತೆ ಹಬ್ಬಿದೆ, ಹಾಗಾಗಿ ಇದು ಎರಡು ರೀತಿಯಲ್ಲೂ ಒಳ್ಳೆಯದು.

ಸುಗಂಧಿ. ಹೆಡಿಕಿಯಂ ಕುಲ. ನಮಗೆ ಗೊತ್ತಿರುವ ಬಿಳಿ ಸುರುಳಿ ಸುಗಂಧಿಗೆ ಕಾವು ಜಾಸ್ತಿ ಬೇಕು, ಚಳಿ ಊರಿನಲ್ಲಿ ಹೂವಿಗೆ ಸತಾಯಿಸುತ್ತದೆ. ಹಿಮಾಲಯದ ಹೆಡಿಕಿಯಂ ಡೆನ್ಸಿಫ್ಲೋರಂ, ಕಿತ್ತಳೆ ಬಣ್ಣದ 'ತಾರಾ' ತಳಿ ಗಟ್ಟಿ. ಗೆಡ್ಡೆ ನೆಲದಲ್ಲೇ ಚಳಿ ಕಳೆಯುತ್ತದೆ.

ಮರಜರಿ. ಡಿಕ್ಸೋನಿಯಾ ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾದ ಪೂರ್ವಭಾಗ ಮತ್ತು ಟಾಸ್ಮೇನಿಯಾದ್ದು. ನೆರಳು, ತೇವ ಬೇಕು. ಕಾಂಡದಂತೆ ಕಾಣುವುದು ಬಹುಪಾಲು ಬೇರಿನ ಹೆಣಿಗೆ. ಆದ್ದರಿಂದ ನೀರನ್ನು ಬುಡಕ್ಕಷ್ಟೇ ಅಲ್ಲ, ಕಾಂಡದ ಮೇಲಿನಿಂದಲೂ ಹಾಕಿ. ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ಮಾತ್ರ ಎತ್ತರ ಬೆಳೆಯುತ್ತದೆ, ಹಾಗಾಗಿ ದುಬಾರಿ. ಮೊದಲ ವರ್ಷವೇ ಕೊಳ್ಳಬೇಡಿ. ನಿಮ್ಮ ಒಂದು ಚಳಿಗಾಲ ಹೇಗಿರುತ್ತದೆ ಎಂದು ನೋಡಿಕೊಂಡು ತನ್ನಿ.

ಇವುಗಳ ಬುಡ ತುಂಬಲು ಹೋಸ್ಟಾ, ರಾಜರ್ಸಿಯಾ, ಕ್ರೊಕೋಸ್ಮಿಯಾ ಸಾಕು. ಒಂದನ್ನು ಮಾತ್ರ ದೂರವಿಡಿ: ಛತ್ರಿಯಷ್ಟು ದೊಡ್ಡ ಎಲೆಯ ಗನ್ನೆರಾ ಟಿಂಕ್ಟೋರಿಯಾ. 2017ರಿಂದ ಅದು ಯುರೋಪಿಯನ್ ಒಕ್ಕೂಟದ ಆಕ್ರಮಣಕಾರಿ ಗಿಡಗಳ ಪಟ್ಟಿಯಲ್ಲಿದೆ. ಅದರ ಸೋದರ ಗನ್ನೆರಾ ಮಾನಿಕಾಟಾ ಹೆಸರಿನಲ್ಲಿ ಬೆಳೆಸಿದ ಗಿಡಗಳಲ್ಲೂ ಇದರ ಮಿಶ್ರತಳಿಗಳು ಕಂಡುಬಂದಿವೆ. ಯಾವ ಗಿಡವನ್ನೇ ತರುವ ಮೊದಲು ನೀವಿರುವ ಕಡೆಯ ನಿಷೇಧಿತ ಗಿಡಗಳ ಪಟ್ಟಿಯನ್ನು ಒಮ್ಮೆ ನೋಡಿ.

ಹಂತ 5: ಬೇಸಿಗೆಯ ನೆಂಟರು

ಕ್ಯಾನಾ, ಅಂದರೆ ಕಾಬಾಳೆ. ಕೆಸು, ಅದರಲ್ಲೂ ಕರಿ ಎಲೆಯ ತಳಿಗಳು. ಡೇಲಿಯಾ, ನಮ್ಮ ಡೇರೆ ಹೂ. ಕೆಂಪೆಲೆಯ ಹರಳು. ಎನ್‌ಸೆಟೆ ಎಂಬ ಕೆಂಪು ಬಾಳೆ. ಕೋಲಿಯಸ್. ಇವೆಲ್ಲ ಚಳಿಗೆ ಕರಗುವಂಥವು. ಬಣ್ಣ ಬರುವುದು ಇವುಗಳಿಂದ.

ಗೆಡ್ಡೆಗಳನ್ನು ಕೊನೆಯ ಫ್ರಾಸ್ಟಿಗೆ ಎಂಟು ಹತ್ತು ವಾರ ಮೊದಲೇ ಮನೆಯೊಳಗೆ ಕುಂಡಗಳಲ್ಲಿ ಎಬ್ಬಿಸಿ. ಕ್ಯಾನಾಕ್ಕೆ 16–20 ಡಿಗ್ರಿ ಸಾಕು. ಕೆಸುವಿಗೆ 20ರ ಮೇಲೆ ಬೇಕು, ಇಲ್ಲದಿದ್ದರೆ ಮೊಳೆಯದೆ ಕೊಳೆಯುತ್ತದೆ. ಹರಳನ್ನು ಬೀಜದಿಂದ ಪ್ರತಿ ವರ್ಷ ಹೊಸದಾಗಿ ಹಾಕಿ, ಮೂರು ತಿಂಗಳಲ್ಲಿ ಎರಡು ಮೀಟರ್ ಮುಟ್ಟುತ್ತದೆ. ಅದರ ಬೀಜ ಬಲವಾದ ವಿಷ. ಮಕ್ಕಳು, ಸಾಕುಪ್ರಾಣಿಗಳಿರುವ ಮನೆಯಲ್ಲಿ ಹೂಗೊಂಚಲನ್ನು ಕಾಯಿ ಕಟ್ಟುವ ಮೊದಲೇ ಕತ್ತರಿಸಿ, ಇಲ್ಲವೇ ಹರಳನ್ನು ಬಿಟ್ಟೇಬಿಡಿ.

ಒಳಗೆ ಬೆಳೆದ ಗಿಡವನ್ನು ಒಂದೇ ಸಲಕ್ಕೆ ಹೊರಗೆ ನೆಡಬಾರದು. ಹತ್ತು ಹದಿನಾಲ್ಕು ದಿನ ಹದಗೊಳಿಸಿ. ಎಂದರೆ, ಮೊದಲು ಹಗಲಲ್ಲಿ ಒಂದೆರಡು ಗಂಟೆ ನೆರಳಲ್ಲಿ ಹೊರಗಿಟ್ಟು, ದಿನದಿನಕ್ಕೆ ಹೊತ್ತು ಮತ್ತು ಬಿಸಿಲು ಹೆಚ್ಚಿಸುತ್ತಾ, ಕೊನೆಗೆ ರಾತ್ರಿಯೂ ಹೊರಗೆ ಬಿಡುವುದು. ಈ ಹಂತ ಹಾರಿಸಿದರೆ ಎಲೆ ಬಿಳಿಚಿಕೊಂಡು ಸುಡುತ್ತದೆ, ಗಿಡ ತಿಂಗಳ ಕಾಲ ಮುನಿಸಿಕೊಂಡು ಕೂರುತ್ತದೆ. ಮಣ್ಣಿನ ಉಷ್ಣತೆ 10 ಡಿಗ್ರಿ ದಾಟಿರಲಿ. ಬೇಗ ನೆಟ್ಟವರಿಗಿಂತ ಎರಡು ವಾರ ತಡವಾಗಿ ನೆಟ್ಟವರ ಗಿಡವೇ ಕೊನೆಗೆ ಮುಂದಿರುತ್ತದೆ.

ಹಂತ 6: ಜೋಡಿಸುವುದು

ಇಂಗ್ಲೆಂಡಿನ ಗ್ರೇಟ್ ಡಿಕ್ಸ್‌ಟರ್ ತೋಟದಲ್ಲಿ ಕ್ರಿಸ್ಟಫರ್ ಲಾಯ್ಡ್ 1990ರ ದಶಕದ ಮೊದಲ ವರ್ಷಗಳಲ್ಲಿ ಹಳೆಯ ಗುಲಾಬಿ ತೋಟವನ್ನೇ ಕಿತ್ತು ಬಾಳೆ, ಕ್ಯಾನಾ, ಡೇಲಿಯಾಗಳನ್ನು ತುಂಬಿದರು. ಅಲ್ಲಿ ದಾರಿಗಳು ಕಿರಿದು, ಗಿಡಗಳು ಎರಡೂ ಕಡೆಯಿಂದ ಮೈಗೆ ತಾಗುವಷ್ಟು ಒತ್ತು. ಆ ಒತ್ತು ನಿಮ್ಮ ಮಡಿಯಲ್ಲೂ ಬರಬೇಕು. ಚೀಟಿಯಲ್ಲಿ ಹೇಳಿದ ಅಂತರಕ್ಕಿಂತ ಸ್ವಲ್ಪ ಹತ್ತಿರವೇ ನೆಡಿ. ಬರಿ ಮಣ್ಣು ಕಂಡರೆ ಕಾಡಿನ ಭಾವ ಹೋಯಿತು.

ಎಲೆಯ ಆಕಾರ ಬೇರೆ ಬೇರೆ ಇರಲಿ. ದೋಣಿಯ ಹುಟ್ಟಿನಂಥದು, ಅಂಗೈಯಂಥದು, ಗರಿಯಂಥದು, ಕತ್ತಿಯಂಥದು. ಬಾಳೆಯ ಪಕ್ಕ ಕ್ಯಾನಾ ನೆಟ್ಟರೆ ಎರಡೂ ಒಂದೇ ಥರ ಕಂಡು ಕಣ್ಣಿಗೆ ಏನೂ ಹಿಡಿಯುವುದಿಲ್ಲ. ಬಾಳೆಯ ಪಕ್ಕ ಬಿದಿರು, ಅದರ ಮುಂದೆ ಫ್ಯಾಟ್ಸಿಯಾ, ಬುಡದಲ್ಲಿ ಜರಿ ಇಟ್ಟು ನೋಡಿ. ಎತ್ತರದ್ದೆಲ್ಲ ಹಿಂದೆಯೇ ಇರಬೇಕು ಎಂದೇನಿಲ್ಲ. ಒಂದೆರಡನ್ನು ದಾರಿಯ ಅಂಚಿಗೇ ತನ್ನಿ, ಎಲೆಯಡಿ ಬಗ್ಗಿ ನಡೆಯುವಂತಾಗಲಿ.

ಹಂತ 7: ಬೇಸಿಗೆಯ ಆರೈಕೆ

ದೊಡ್ಡ ಎಲೆಗೆ ನೀರು ಮತ್ತು ಗೊಬ್ಬರ ಎರಡೂ ಬೇಕು. ಒಣ ದಿನಗಳಲ್ಲಿ ವಾರಕ್ಕೆರಡು ಸಲ ಬುಡ ತೋಯುವಷ್ಟು ನೀರು ಕೊಡಿ. ದಿನಾ ಸುಮ್ನೆ ಚಿಮುಕಿಸುವುದರಿಂದ ಬೇರು ಮೇಲೆಯೇ ಉಳಿದುಬಿಡುತ್ತದೆ. ಬೇಸಿಗೆಯ ನಡುವಿನವರೆಗೆ ಸಾರಜನಕ ಹೆಚ್ಚಿರುವ ಗೊಬ್ಬರ ಹಾಕಿ. ಆಮೇಲೆ ನಿಲ್ಲಿಸಿ. ಬೇಸಿಗೆಯ ಕೊನೆಯಲ್ಲೂ ಹಾಕುತ್ತಾ ಹೋದರೆ ಗಿಡ ಎಳೆ ಚಿಗುರಿನೊಂದಿಗೇ ಚಳಿಗೆ ಸಿಗುತ್ತದೆ, ಆ ಎಳೆಯದ್ದೇ ಮೊದಲು ಹೋಗುವುದು.

ಗೊಂಡೆಹುಳುಗಳ ಕಾಟ ಇದ್ದೇ ಇರುತ್ತದೆ. ಸುರುಳಿ ಬಿಚ್ಚಿದ ಕ್ಯಾನಾ ಎಲೆಯಲ್ಲಿ ಅಡ್ಡಸಾಲಿಗೆ ಒಂದೇ ಅಳತೆಯ ತೂತುಗಳು ಕಂಡರೆ, ಐದಾರು ಹುಳು ತಿಂದಿವೆ ಎಂದುಕೊಳ್ಳಬೇಡಿ. ಎಲೆ ಇನ್ನೂ ಬತ್ತಿಯ ಹಾಗೆ ಸುತ್ತಿಕೊಂಡಿದ್ದಾಗ ಒಂದೇ ಹುಳು ಒಂದೇ ಕಡೆ ಕೊರೆದದ್ದು ಬಿಚ್ಚಿದಾಗ ಸಾಲಾಗಿ ಕಾಣುತ್ತದೆ. ಹಾಗಾಗಿ ಕಾವಲು ಬೇಕಾದದ್ದು ಸುರುಳಿಗೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಸುರುಳಿಯ ತುದಿಯೊಳಗೆ ನೋಡಿ, ಕೈಯಿಂದಲೇ ಆರಿಸಿ ತೆಗೆಯಿರಿ.

ಕ್ಯಾನಾ ಎಲೆಯಲ್ಲಿ ನರದ ಗುಂಟ ಹಳದಿ ಗೀರು ಮೂಡಿ, ಗಿಡ ಕುಗ್ಗಿದರೆ ಅದು ವೈರಸ್. ಔಷಧಿ ಇಲ್ಲ. ಗೆಡ್ಡೆ ಸಮೇತ ಕಿತ್ತು ಕಸಕ್ಕೆ ಹಾಕಿ, ಅದೇ ಚಾಕುವಿನಿಂದ ಬೇರೆ ಗೆಡ್ಡೆ ಸೀಳಬೇಡಿ.

ಹಂತ 8: ಚಳಿಗಾಲಕ್ಕೆ ಹೊದಿಸುವುದು

ಮೊದಲ ಫ್ರಾಸ್ಟಿಗೆ ಎಲೆಗಳು ಕಪ್ಪಾಗುತ್ತವೆ. ಬಾಳೆ, ಕ್ಯಾನಾ, ಡೇಲಿಯಾಗಳಿಗೆ ಅದೇ ಸೂಚನೆ. ಗಾಬರಿ ಬೇಡ.

ಬಾಳೆಗೆ: ಎಲೆಗಳನ್ನೆಲ್ಲ ಕತ್ತರಿಸಿ ಬರೀ ದಿಂಡು ಉಳಿಸಿ. ಸುತ್ತ ನಾಲ್ಕು ಗೂಟ ನೆಟ್ಟು, ದಿಂಡಿನಿಂದ ಒಂದು ಗೇಣು ಬಿಟ್ಟು ಕೋಳಿ ಜಾಲರಿಯನ್ನು ಗೂಡಿನಂತೆ ಸುತ್ತಿ. ಒಳಗೆ ಒಣಹುಲ್ಲು ಅಥವಾ ಒಣ ತರಗೆಲೆ ತುಂಬಿ, ಜಜ್ಜಿ ತುಂಬಬೇಡಿ. ನಡುವೆ ಉಳಿದ ಗಾಳಿಯೇ ಬೆಚ್ಚಗಿಡುವುದು. ಮೇಲೆ ಮಳೆ ಬೀಳದಂತೆ ಒಂದು ಮುಚ್ಚಳ, ಬದಿಗಳು ಗಾಳಿಗೆ ತೆರೆದಿರಲಿ. ಬುಡದ ಸುತ್ತ ಅರ್ಧ ಮೀಟರಿನವರೆಗೆ ಒಂದು ಗೇಣು ದಪ್ಪ ಹೊದಿಕೆ ಹರಡಿ. ಇಷ್ಟು ಮಾಡಿದರೆ ಮುಂದಿನ ವರ್ಷ ಗಿಡ ನೆಲದಿಂದಲ್ಲ, ದಿಂಡಿನ ತುದಿಯಿಂದಲೇ ಬೆಳೆಯಲು ಶುರು ಮಾಡುತ್ತದೆ. ಎರಡು ಮೂರು ವರ್ಷದಲ್ಲಿ ಮನೆಯ ಸೂರು ಮುಟ್ಟುವ ಬಾಳೆ ಹೀಗೆಯೇ ಆಗುವುದು.

ಪ್ಲಾಸ್ಟಿಕ್ ಮಾತ್ರ ಸುತ್ತಬೇಡಿ. ನಾನು ಒಂದು ವರ್ಷ ಸುತ್ತಿದ್ದೆ. ಚಳಿ ಮುಗಿದ ಮೇಲೆ ಬಿಚ್ಚಿದರೆ ಒಳಗೆಲ್ಲ ಬೆವರು. ದಿಂಡನ್ನು ಹೆಬ್ಬೆರಳಿನಿಂದ ಒತ್ತಿದೆ, ಸ್ಪಂಜಿನ ಹಾಗೆ ಕಂದು ನೀರು ಬಿಟ್ಟಿತು. ಅದು ಸತ್ತದ್ದು ಚಳಿಗಲ್ಲ, ಉಸಿರುಗಟ್ಟಿ ಕೊಳೆತು.

ತಾಳೆಗೆ: ಬೇರೂರಿದ ಮರಕ್ಕೆ ಏನೂ ಬೇಡ. ಎಳೆಯದಿದ್ದರೆ, ಅಥವಾ ಮೈನಸ್ 10ರ ಮುನ್ಸೂಚನೆ ಇದ್ದರೆ, ಗರಿಗಳನ್ನು ಮೇಲಕ್ಕೆ ಸೇರಿಸಿ ಕಟ್ಟಿ ಫ್ಲೀಸ್ ಸುತ್ತಿ. ಆ ಚಳಿ ಹೋದೊಡನೆ ಬಿಚ್ಚಿ. ತಾಳೆಗೆ ಇರುವುದು ಒಂದೇ ಸುಳಿ. ಸುಳಿಯಲ್ಲಿ ನೀರು ನಿಂತು ಹೆಪ್ಪುಗಟ್ಟಿ ಕೊಳೆತರೆ ಮರ ಹೋಯಿತು.

ಮರಜರಿಗೆ: ಸುಳಿಯ ಬಟ್ಟಲಿಗೆ ಒಂದು ಹಿಡಿ ಒಣಹುಲ್ಲು ತುರುಕಿ, ಗರಿಗಳನ್ನು ಅದರ ಮೇಲೆ ಮಡಚಿ, ಫ್ಲೀಸಿನಿಂದ ಸಡಿಲವಾಗಿ ಕಟ್ಟಿ.

ಡೇಲಿಯಾ, ಕ್ಯಾನಾ: ಕಾಂಡವನ್ನು ಗೇಣುದ್ದಕ್ಕೆ ಕತ್ತರಿಸಿ ಗೆಡ್ಡೆ ಅಗೆಯಿರಿ. ಡೇಲಿಯಾದ ಕಾಂಡ ಟೊಳ್ಳು, ಒಳಗೆ ನೀರು ನಿಲ್ಲುತ್ತದೆ. ಒಂದು ವಾರ ತಲೆಕೆಳಗಾಗಿಟ್ಟು ನೀರು ಇಳಿಸಿ. ಆಮೇಲೆ ಒಣ ಮರದ ಹೊಟ್ಟಿನಲ್ಲೋ ಒಣ ಮಣ್ಣಿನಲ್ಲೋ ಹೂತು 5–10 ಡಿಗ್ರಿಯ ಜಾಗದಲ್ಲಿಡಿ. ಕ್ಯಾನಾಕ್ಕೆ ಮಾತ್ರ ಮಣ್ಣು ತೀರಾ ಒಣಗಬಾರದು. ಎರಡನ್ನೂ ಒಂದೇ ರೀತಿ ಒಣಗಿಸಿಟ್ಟು ಕ್ಯಾನಾ ಕಳೆದುಕೊಳ್ಳುವುದು ಎಲ್ಲರೂ ಒಮ್ಮೆ ಮಾಡುವ ತಪ್ಪು. ತಿಂಗಳಿಗೊಮ್ಮೆ ಮುಟ್ಟಿ ನೋಡಿ, ಸೊರಗಿದ್ದರೆ ಸ್ವಲ್ಪ ನೀರು ಚಿಮುಕಿಸಿ, ಮೆತ್ತಗಾದ ಭಾಗವನ್ನು ಕತ್ತರಿಸಿ ತೆಗೆಯಿರಿ. ಹೆಸರಿನ ಚೀಟಿ ಕಟ್ಟುವುದನ್ನು ಮರೆಯಬೇಡಿ. ಚಳಿಗಾಲದ ಕೊನೆಗೆ ಎಲ್ಲ ಗೆಡ್ಡೆಯೂ ಒಂದೇ ಥರ ಕಾಣುತ್ತವೆ.

ಕೆಂಪು ಎನ್‌ಸೆಟೆಯನ್ನು ಫ್ರಾಸ್ಟ್ ಬರುವ ಮುಂಚೆಯೇ ಕೀಳಬೇಕು, ಅದು ಗೆಡ್ಡೆಯಿಂದ ಮತ್ತೆ ಏಳುವುದಿಲ್ಲ. ನಡು ಎಲೆಯೊಂದನ್ನು ಬಿಟ್ಟು ಉಳಿದದ್ದು ಕತ್ತರಿಸಿ, 7–10 ಡಿಗ್ರಿಯಲ್ಲಿ ಹೆಚ್ಚು ಕಡಿಮೆ ನೀರೇ ಕೊಡದೆ ಇಡಿ. ಕೆಸುವಿನ ಗೆಡ್ಡೆಗೂ 10 ಡಿಗ್ರಿಯ ಆಸುಪಾಸು ಬೇಕು.

ಹಂತ 9: ಬಿಚ್ಚುವುದು

ಬೆಚ್ಚನೆಯ ಎರಡು ದಿನ ಬಂದ ಕೂಡಲೇ ಎಲ್ಲ ಬಿಚ್ಚಬೇಡಿ. ಕೊನೆಯ ಫ್ರಾಸ್ಟಿನ ಕಾಲ ಹತ್ತಿರವಾದಾಗ, ಮೋಡ ಕವಿದ ದಿನ ನೋಡಿ ಹುಲ್ಲು ತೆಗೆಯಿರಿ. ಫ್ಲೀಸ್ ಕೈಗೆಟಕುವಂತೆ ಇನ್ನೂ ಒಂದು ತಿಂಗಳು ಇರಲಿ. ಮರಜರಿಯ ಸುಳಿಯ ಹುಲ್ಲನ್ನು ಮಾತ್ರ ಸುರುಳಿ ಗರಿಗಳು ಏಳುವ ಮೊದಲೇ ತೆಗೆಯಬೇಕು, ತಡವಾದರೆ ಹೊಸ ಗರಿ ಸೊಟ್ಟಗಾಗುತ್ತದೆ.

ಬಾಳೆ ದಿಂಡಿನ ತುದಿ ಕಪ್ಪಾಗಿ, ಮೆತ್ತಗೆ ಇರುತ್ತದೆ. ಹರಿತವಾದ ಚಾಕುವಿನಿಂದ ತುದಿಯಿಂದ ಒಂದು ಗೇಣು ಕತ್ತರಿಸಿ. ಕತ್ತರಿಸಿದ ಮುಖ ಕಂದು ಕಂಡರೆ ಇನ್ನೊಂದು ಗೇಣು. ಉಂಗುರ ಉಂಗುರವಾಗಿ, ತೆಳು ಹಸಿರು ಬೆರೆತ ಬಿಳಿ ಬಂದಾಗ ನಿಲ್ಲಿಸಿ. ಹವೆ ಬೆಚ್ಚಗಿದ್ದರೆ ಸ್ವಲ್ಪ ದಿನಗಳಲ್ಲೇ ಆ ಉಂಗುರಗಳ ನಡುವಿನಿಂದ ಬೆರಳುದ್ದದ ಎಳೆ ಸುಳಿ ಮೇಲೆದ್ದಿರುತ್ತದೆ. ಕೆಳಗಿನವರೆಗೂ ಕಂದು ಬಣ್ಣವೇ ಬಂದರೆ ನೆಲಮಟ್ಟಕ್ಕೆ ಕತ್ತರಿಸಿ, ಗೆಡ್ಡೆಯಿಂದ ಮರಿ ಏಳುವುದನ್ನು ಕಾಯಿರಿ.

ಕಾಯುವ ಮಾತಿಗೆ ಬಂದರೆ, ಎಲ್ಲಕ್ಕಿಂತ ತಡ ಸುಗಂಧಿ. ಅಕ್ಕಪಕ್ಕದ್ದೆಲ್ಲ ಮೊಣಕಾಲೆತ್ತರ ಬಂದರೂ ಅದರ ಜಾಗ ಬರಿದಾಗಿ ಕಾಣುತ್ತದೆ. ಸತ್ತಿತೆಂದು ಗುದ್ದಲಿ ಹಾಕಬೇಡಿ. ಬೇಸಿಗೆಯ ನಡುವಿನವರೆಗೆ ಬಿಡಿ. ತಡೆಯಲಾಗದಿದ್ದರೆ ಗೆಡ್ಡೆಯ ಮೇಲಿನ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ. ಗೆಡ್ಡೆ ಗಟ್ಟಿಯಾಗಿದ್ದು, ಅದರ ಮೇಲೆ ಕೆಂಪು ಬೆರೆತ ಮೊನಚಾದ ಮೊಳಕೆಯ ತುದಿ ಕಂಡರೆ ಮಣ್ಣು ಮುಚ್ಚಿ, ಒಂದು ಚೊಂಬು ನೀರು ಹಾಕಿ.